ಎಂಜಿ ಟಿಸಿ, ಟಿಡಿ, ಎಂಜಿಎ: ಮೂರರಲ್ಲಿ ನಾನು ಹಳೆಯದನ್ನೇ ಕೊಂಡೆ

ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದು ಕೈಯಾರೆ ಸರಿಪಡಿಸಬೇಕೆಂಬ ಆಸೆಯುಳ್ಳವರಿಗೆ ಇಂಗ್ಲೆಂಡಿನಲ್ಲಿ ಎಂಜಿಗಿಂತ ಸುಲಭದ ದಾರಿಯಿಲ್ಲ. ಎಪ್ಪತ್ತು ಎಂಬತ್ತು ವರ್ಷ ಹಳೆಯ ಕಾರಿಗೂ ಇಲ್ಲಿ ಬಿಡಿಭಾಗಗಳು ಸಿಗುತ್ತವೆ. ಆದರೆ ಯಾವ ಮಾದರಿಯ ಎಂಜಿ? ನಾನು ಕೊಂಡದ್ದು ಟಿಸಿ. ಮತ್ತೊಮ್ಮೆ ಕೊಳ್ಳುವುದಾದರೂ ಅದನ್ನೇ ಕೊಳ್ಳುತ್ತೇನೆ. ಟಿಡಿ ಮತ್ತು ಎಂಜಿಎ ಗೆಳೆಯರ ಬಳಿ ಇವೆ. ಎರಡನ್ನೂ ಓಡಿಸಿದ್ದೇನೆ, ಅವುಗಳ ದುರಸ್ತಿಗೂ ಕೈ ಹಾಕಿದ್ದೇನೆ.

ಟಿಸಿ ಹುಟ್ಟಿದ್ದು 1945ರ ಕೊನೆಯಲ್ಲಿ. ಯುದ್ಧಕಾಲದಲ್ಲಿ ಟ್ಯಾಂಕ್‌ಗಳ ದುರಸ್ತಿ ಮಾಡುತ್ತಿದ್ದ ಎಂಜಿಯ ಆಬಿಂಗ್ಡನ್ ಕಾರ್ಖಾನೆಗೆ ಹೊಸ ಕಾರು ರೂಪಿಸುವ ಬಿಡುವಾಗಲಿ ಹಣವಾಗಲಿ ಇರಲಿಲ್ಲ. ಯುದ್ಧಕ್ಕೆ ಮೊದಲಿನ ಟಿಬಿ ಮಾದರಿಯನ್ನೇ ತೆಗೆದುಕೊಂಡು, ಕೂರುವ ಜಾಗವನ್ನು ನಾಲ್ಕು ಅಂಗುಲ ಅಗಲಿಸಿ ಮಾರುಕಟ್ಟೆಗೆ ಬಿಟ್ಟರು. ಎಂಜಿಯನ್ನು ಕಟ್ಟಿ ಬೆಳೆಸಿದ ಸೆಸಿಲ್ ಕಿಂಬರ್ ಅದನ್ನು ನೋಡಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲು ಅಪಘಾತದಲ್ಲಿ ತೀರಿಕೊಂಡಿದ್ದರು. 1949ರವರೆಗೆ ತಯಾರಾದ ಸುಮಾರು 10,000 ಟಿಸಿಗಳಲ್ಲಿ ಎರಡು ಸಾವಿರದಷ್ಟು ಅಮೆರಿಕಕ್ಕೆ ಹೋದವು. ಒಂದಕ್ಕೂ ಎಡಗಡೆ ಸ್ಟೀರಿಂಗ್ ಇರಲಿಲ್ಲ, ಆದರೂ ಅಲ್ಲಿನವರು ಮುಗಿಬಿದ್ದು ಕೊಂಡರು. ಮುಂದೆ ಹೆಸರಾಂತ ರೇಸ್ ಚಾಲಕನಾದ ಕ್ಯಾರೊಲ್ ಶೆಲ್ಬಿ 1952ರಲ್ಲಿ ತನ್ನ ರೇಸಿಂಗ್ ಬದುಕನ್ನು ಶುರು ಮಾಡಿದ್ದು ಟಿಸಿಯಲ್ಲೇ. 54 ಅಶ್ವಶಕ್ತಿಯ ಕಾರು ಒಂದು ದೇಶಕ್ಕೆ ರೇಸಿನ ಹುಚ್ಚು ಹಿಡಿಸಿತು ಎಂಬುದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ.

ಓಡಿಸುವ ಸುಖದಲ್ಲಿ ಟಿಸಿಗೆ ಕೊನೆಯ ಸ್ಥಾನ. ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್. ಸ್ಟೀರಿಂಗ್ ನೇರ ರಸ್ತೆಯಲ್ಲೂ ಸದಾ ಸಣ್ಣ ತಿದ್ದುಪಡಿ ಬೇಡುತ್ತದೆ. ಟಿಡಿಯಲ್ಲಿ ಮುಂದಿನ ಚಕ್ರಗಳಿಗೆ ಬೇರೆಬೇರೆ ಕಾಯಿಲ್ ಸ್ಪ್ರಿಂಗ್ ಬಂತು, ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್ ಬಂತು. ಅದು ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ. ಆದರೆ ಟಿಸಿಯ 19 ಅಂಗುಲದ ತಂತಿ ಚಕ್ರಗಳ ಜಾಗದಲ್ಲಿ 15 ಅಂಗುಲದ ಉಕ್ಕಿನ ತಟ್ಟೆ ಚಕ್ರಗಳೂ ಬಂದವು. ಆ ನಿಲುವು, ಆ ತೆಳ್ಳನೆಯ ಚೆಲುವು ಅಲ್ಲಿಗೆ ಹೋಯಿತು. 1955ರ ಎಂಜಿಎ ಹೆದ್ದಾರಿಯಲ್ಲಿ ಲಾರಿಗಳಿಗೆ ಹೆದರಬೇಕಿಲ್ಲದ ಕಾರು.

ಇನ್ನು ನನ್ನನ್ನು ಹೈರಾಣಾಗಿಸಿದ ವಿಷಯಕ್ಕೆ ಬರುತ್ತೇನೆ: ಟಿಸಿ ಎಂಜಿನ್ನಿನ ಬೋಲ್ಟುಗಳು.

ಈ 1250 ಸಿಸಿ ಎಂಜಿನ್ನಿನ ಮನೆತನ ಕವೆಂಟ್ರಿಯದು. ಮೊದಲ ಮಹಾಯುದ್ಧದಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಬಂದೂಕು ಕಂಪನಿ ಜರ್ಮನ್ನರ ಭಯದಿಂದ ಅಲ್ಲಿ ಕಾರ್ಖಾನೆ ತೆರೆಯಿತು. ಯುದ್ಧ ಮುಗಿದ ಮೇಲೆ ಮಾರಿಸ್ ಕಾರುಗಳಿಗೆ ಎಂಜಿನ್ ಮಾಡಿಕೊಟ್ಟಿತು. 1923ರಲ್ಲಿ ಎಂಜಿಯ ಒಡೆಯರೂ ಆಗಿದ್ದ ವಿಲಿಯಂ ಮಾರಿಸ್ ಇಡೀ ಕಾರ್ಖಾನೆಯನ್ನೇ ಕೊಂಡರು. ಯಂತ್ರಗಳು ಫ್ರೆಂಚ್, ಆದ್ದರಿಂದ ಬೋಲ್ಟಿನ ಥ್ರೆಡ್ ಮೆಟ್ರಿಕ್. ಇಂಗ್ಲಿಷ್ ಮೆಕ್ಯಾನಿಕ್‌ಗಳ ಬಳಿ ಇದ್ದದ್ದು ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆಯ ಸ್ಪ್ಯಾನರ್, ಆದ್ದರಿಂದ ಬೋಲ್ಟಿನ ತಲೆ ಮಾತ್ರ ವಿಟ್‌ವರ್ತ್ ಅಳತೆ. ಈ ಜೋಡಣೆ ದಶಕಗಳ ಕಾಲ ಹಾಗೆಯೇ ಮುಂದುವರಿಯಿತು. ಮಾಮೂಲಿ 8 ಮಿ.ಮೀ. ಬೋಲ್ಟಿನ ಥ್ರೆಡ್ ಅಂತರ 1.25 ಮಿ.ಮೀ.; ಇದರದು 1 ಮಿ.ಮೀ. ತಲೆಗೆ 13ರ ಸ್ಪ್ಯಾನರ್ ಕೂರುವುದಿಲ್ಲ, 14ರದು ಜಾರಿ ಮೂಲೆಗಳನ್ನು ಸವೆಸುತ್ತದೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅಮೆರಿಕನ್ ಅಳತೆಯ 5/16 ಅಂಗುಲದ ಸಣ್ಣ ಥ್ರೆಡ್ಡಿನ ಬೋಲ್ಟ್ ಇದೆಯಲ್ಲ, ಅದರ ದಪ್ಪ 7.94 ಮಿ.ಮೀ., ಅಂತರ 1.06 ಮಿ.ಮೀ. ಈ ತೂತಿಗೆ ಅದನ್ನು ಹಾಕಿದರೆ ಮೊದಲ ಎರಡು ಮೂರು ಸುತ್ತು ಬೆರಳಿನಲ್ಲೇ ತಿರುಗುತ್ತದೆ. ಸರಿಯಾದ ಬೋಲ್ಟೇ ಎಂದು ಯಾರಾದರೂ ನಂಬಬೇಕು. ಆಮೇಲೆ ಬಿಗಿಯಾಗುತ್ತದೆ, ಬಲ ಹಾಕಿದರೆ ಥ್ರೆಡ್ ಕಿತ್ತುಹೋಗುತ್ತದೆ. ನನಗೆ ಸಿಕ್ಕ ಕಾರಿನಲ್ಲಿ ಹಿಂದಿನ ಯಾರೋ ಹೀಗೆಯೇ ಬಲ ಹಾಕಿದ್ದರು. ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪಿನ ಅಂಚಿನಲ್ಲಿ ಸಾಲಾಗಿ ಕೆಟ್ಟ ತೂತುಗಳು, ಅಲ್ಲಿಂದೆಲ್ಲ ಆಯಿಲ್ ಜಿನುಗುತ್ತಿತ್ತು. ಒಂದೊಂದನ್ನೂ ಕೊರೆದು, ಹೊಸ ಥ್ರೆಡ್ಡಿನ ಸುರುಳಿ ಕೂರಿಸಿ ಸರಿಪಡಿಸಬೇಕಾಯಿತು. ಬೋಲ್ಟುಗಳನ್ನು ಟಿ ಸರಣಿಯ ಬಿಡಿಭಾಗಗಳನ್ನೇ ಮಾರುವವರಿಂದ ತರಿಸಬೇಕು. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದಿಲ್ಲ.

ಟಿಡಿಯಲ್ಲೂ ಇದೇ ಎಂಜಿನ್, ಇದೇ ಗೋಳು. ಎಂಜಿಎಯ ಎಂಜಿನ್ ಬೇರೆ, ಅದರ ಬೋಲ್ಟು ಎಲ್ಲೆಡೆ ಸಿಗುತ್ತದೆ. ಈ ಒಂದೇ ಕಾರಣಕ್ಕೆ ಎಂಜಿಎ ಆರಿಸಿಕೊಂಡವರನ್ನು ಬಲ್ಲೆ, ಅವರದು ತಪ್ಪೆನ್ನಲಾರೆ.

ಆದರೂ ನನಗೆ ಟಿಸಿಯೇ ಒಗ್ಗಿದ್ದೇಕೆಂದರೆ ಅದರ ಮೈ ಮರದ್ದು. ಉಕ್ಕಿನ ತಗಡಿನೊಳಗೆ ಆಶ್ ಮರದ ಚೌಕಟ್ಟಿದೆ. ತಗಡನ್ನು ಅದಕ್ಕೆ ಮೊಳೆ ಹೊಡೆದು ಕೂರಿಸಿದ್ದಾರೆ. ಬಾಗಿಲುಗಳ ಕೀಲು ಹಿಂಬದಿಯಲ್ಲಿರುವುದರಿಂದ ಹಿಂದಿನ ಕಂಬ ಭಾರ ಹೊತ್ತು ಸಡಿಲವಾಗುತ್ತದೆ, ನೀರು ಕುಡಿದು ಕೊಳೆಯುತ್ತದೆ, ಬಾಗಿಲು ಜೋಲುತ್ತದೆ. ಅದನ್ನು ಬಿಚ್ಚಿ ಹೊಸ ಆಶ್ ಮರದಲ್ಲಿ ಕಂಬ ಕೆತ್ತಿ, ಕಚ್ಚು ಹೊಂದಿಸಿ ಕೂರಿಸುವುದು ನನಗೆ ಬರುವ ಕೆಲಸ. ಉಳಿ, ಕೀಸುಳಿ ಹಿಡಿಯುವುದನ್ನು ಚಿಕ್ಕಂದಿನಲ್ಲೇ ಮನೆಯಲ್ಲಿ ಕಲಿತಿದ್ದೆ. ವೆಲ್ಡಿಂಗ್ ಬರುವುದಿಲ್ಲ. ಎಂಜಿಎಯ ಬಾಗಿಲ ಕೆಳಗಿನ ಸಿಲ್, ನೆಲದ ಹಲಗೆ ಹೊರುವ ಚಾಸಿಸ್ಸಿನ ಅಂಚು, ಎಲ್ಲ ಕಡೆ ತುಕ್ಕು ತಿನ್ನುತ್ತದೆ, ಅಷ್ಟಕ್ಕೂ ವೆಲ್ಡರ್‌ಗೆ ಗಂಟೆಯ ಲೆಕ್ಕದಲ್ಲಿ ಹಣ ಎಣಿಸಬೇಕು. ಗೆಳೆಯನ ಎಂಜಿಎಗೆ ಬಂದ ವೆಲ್ಡಿಂಗ್ ಬಿಲ್ಲು ನನಗೆ ಮರ, ತಗಡು, ಬಣ್ಣ ಮೂರಕ್ಕೂ ಸೇರಿ ತಗುಲಿದ್ದಕ್ಕಿಂತ ಹೆಚ್ಚು. ಮರ ಬಾರದೆ ವೆಲ್ಡಿಂಗ್ ಬರುವವರಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ, ಅವರು ಎಂಜಿಎ ಕೊಳ್ಳಲಿ.

ತೆರಿಗೆ, ಪರೀಕ್ಷೆಗಳಲ್ಲಿ ವ್ಯತ್ಯಾಸವಿಲ್ಲ. ಮೂರೂ ನಲವತ್ತು ವರ್ಷ ದಾಟಿದವಾದ್ದರಿಂದ ಬ್ರಿಟನ್ನಿನಲ್ಲಿ ರಸ್ತೆ ತೆರಿಗೆಯೂ ವಾರ್ಷಿಕ ತಪಾಸಣೆಯ ಕಡ್ಡಾಯವೂ ಇಲ್ಲ. ಪೆಟ್ರೋಲ್ ವಿಷಯದಲ್ಲೂ ಮೂರಕ್ಕೂ ಒಂದೇ ಮಾತು: 2021ರಿಂದ ಇಲ್ಲಿ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುತ್ತದೆ, ಅದು ಹಳೆಯ ರಬ್ಬರ್ ಕೊಳವೆಗಳನ್ನು ಹಾಳುಮಾಡುತ್ತದೆ. ದುಬಾರಿಯಾದರೂ ಶೇ. 5ರವರೆಗೆ ಮಾತ್ರ ಎಥನಾಲ್ ಇರುವ ಇ5 ಹಾಕಿಸಿ.

ನಾನು ಓಡಿಸುವುದು ಭಾನುವಾರ ಬೆಳಿಗ್ಗೆ, ಆಕ್ಸ್‌ಫರ್ಡ್‌ಶೈರಿನ ಹಳ್ಳಿ ರಸ್ತೆಗಳಲ್ಲಿ. ಅಲ್ಲಿ ಟಿಸಿಯ ವೇಗ ಸಾಕು. ದಿನವೂ ಕೆಲಸಕ್ಕೆ ಒಯ್ಯುವವನಾಗಿದ್ದರೆ ಟಿಡಿ ಕೊಳ್ಳುತ್ತಿದ್ದೆ.

ಎಂಜಿಎ ನೋಡಲು ಹೋಗುವವರು ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಂಡಿರಿ. ಸಿಲ್ ಮೇಲೆ, ಮುಂದಿನ ಮಡ್‌ಗಾರ್ಡಿನ ಕೆಳತುದಿಯಲ್ಲಿ ಅದು ಅಂಟದಿದ್ದರೆ ಬಣ್ಣದಡಿ ಇರುವುದು ತೂತು ತಗ್ಗು ಮುಚ್ಚುವ ಲಾಂಬಿ, ಉಕ್ಕಲ್ಲ. ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳದ ಮೇಲೆ ಅಂಟದಿದ್ದರೆ ಗಾಬರಿಯಾಗಬೇಡಿ. ಅವನ್ನು ಕಾರ್ಖಾನೆಯಲ್ಲೇ ಅಲ್ಯೂಮಿನಿಯಂನಲ್ಲಿ ಮಾಡಿದ್ದರು.