ಗ್ಯಾರೇಜಿಗೆ ಇನ್ಸುಲೇಟೆಡ್ ಬಾಗಿಲು: ಐದಾರು ಮಳೆಗಾಲ ಬಳಸಿದ ಮೇಲೆ

ಬಾಗಿಲಿನ ಬಗ್ಗೆ ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಮೇಲಕ್ಕೆ ಸರಿದು ಸೀಲಿಂಗ್ ಕೆಳಗೆ ಮಲಗುವ ಸೆಕ್ಷನಲ್ ಬಾಗಿಲು. ಹಲಗೆಗಳು 40 ಮಿ.ಮೀ. ದಪ್ಪ, ಎರಡೂ ಕಡೆ ಜಿಐ ಶೀಟ್ (ಸತು ಲೇಪಿಸಿದ ತಗಡು), ನಡುವೆ ಪಿಯು ಫೋಮ್ (ಶಾಖ ತಡೆಯುವ ಪಾಲಿಯುರೆಥೇನ್ ನೊರೆ). ಮೋಟರ್ ಇದೆ, ರಿಮೋಟ್ ಇದೆ. ಎಲ್ಲಾ ಸೇರಿ ಲಕ್ಷದ ಮೇಲೆ ಹೋಯಿತು. ಮಾಮೂಲಿ ರೋಲಿಂಗ್ ಶಟರ್‌ಗೆ ಹೋಲಿಸಿದರೆ ಬಹಳ ಜಾಸ್ತಿ. ಬೆಳಗಾವಿಯಲ್ಲಿ ಇದು ಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ: ಗ್ಯಾರೇಜಿನಲ್ಲಿ ಕೂತು ಕೆಲಸ ಮಾಡುವವರಿಗೆ ಖಂಡಿತ ಬೇಕು. ಆದರೆ ಅಂಗಡಿಯವರು ಹೊಗಳುವ ಫೋಮಿನ ದಪ್ಪಕ್ಕಿಂತ, ಅವರು ಮಾತೇ ಎತ್ತದ ಅಂಚಿನ ರಬ್ಬರ್ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ನಾನು ಫೌಂಡ್ರಿಗಳಿಗೆ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯಲು ಬೇಕಾದ ಮರದ ಮಾದರಿ, ಮಾಡುವವನು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್ ಹತ್ತಿರವೇ ಮನೆ, ಮನೆಯ ಗ್ಯಾರೇಜೇ ವರ್ಕ್‌ಶಾಪ್. ನಮ್ಮ ಕೆಲಸದಲ್ಲಿ ಅಳತೆ ಬಹಳ ಸೂಕ್ಷ್ಮ. ಬೀಡು ಕಬ್ಬಿಣ ಆರುವಾಗ ಮೀಟರಿಗೆ ಸುಮಾರು 10 ಮಿ.ಮೀ. ಕುಗ್ಗುತ್ತದೆ, ಅದನ್ನು ಲೆಕ್ಕ ಹಾಕಿಯೇ ಪ್ಯಾಟರ್ನನ್ನು ದೊಡ್ಡದಾಗಿ ಕೊರೆಯಬೇಕು. ಅಷ್ಟು ಜೋಪಾನವಾಗಿ ಕೊರೆದ ಮರ ಜುಲೈ ತಿಂಗಳಲ್ಲಿ ರಾತ್ರಿ ಬೆಳಗಾಗುವುದರೊಳಗೆ ಉಬ್ಬಿಬಿಟ್ಟರೆ ಏನು ಗತಿ? ಮರ ಉದ್ದಕ್ಕೆ ಅಷ್ಟು ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ದುಂಡಗಿದ್ದ ಪ್ಯಾಟರ್ನ್ ಮೊಟ್ಟೆಯಾಕಾರಕ್ಕೆ ಬರುತ್ತದೆ. ಜೋಡಣೆಯ ಸಂದಿ ಬಿಡುತ್ತದೆ. ಡಿಸೆಂಬರ್ ಚಳಿಯಲ್ಲಿ ಇನ್ನೊಂದು ರಗಳೆ, ಫೆವಿಕಾಲ್ ಹಿಡಿಯುವುದು ತಡ.

ಹಳೇ ಶಟರ್ ಇದ್ದಾಗ ಚಳಿಗಾಲದ ಬೆಳಿಗ್ಗೆ ಅದರ ಒಳಮೈ ಮೇಲೆ ಬೆರಳು ಎಳೆದರೆ ನೀರಿನ ಗೆರೆ ಮೂಡುತ್ತಿತ್ತು. ಒಂಟಿ ತಗಡು ರಾತ್ರಿಯಿಡೀ ಹೊರಗಿನ ಥಂಡಿಗೆ ತಣ್ಣಗಾಗುತ್ತದೆ, ಒಳಗಿನ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಆ ಹನಿ ಪಟ್ಟಿಯಿಂದ ಪಟ್ಟಿಗೆ ಇಳಿದು, ತುಕ್ಕು ಬೆರೆಸಿಕೊಂಡು, ನೆಲದ ಮೇಲೆ ಕೆಂಪು ಗೆರೆ ಬಿಡುತ್ತಿತ್ತು. ಹೊಸ ಬಾಗಿಲು ಬಂದ ಮೇಲೆ ಈ ಬೆವರು ಪೂರ್ತಿ ನಿಂತಿದೆ. ಫೋಮ್ ನಡುವೆ ಇರುವುದರಿಂದ ಒಳಗಿನ ಶೀಟ್ ಕೋಣೆಯಷ್ಟೇ ಬೆಚ್ಚಗಿರುತ್ತದೆ, ನೀರು ಕೂರಲು ಜಾಗವೇ ಇಲ್ಲ. ಫೋಮಿಗೆ ಕೊಟ್ಟ ದುಡ್ಡು ನನಗೆ ವಸೂಲಾಗಿದ್ದು ಇಲ್ಲಿ.

ಈಗ ದಪ್ಪದ ಮಾತು. ನನ್ನ ತಂಗಿ ಕೆನಡಾದ ವಿನಿಪೆಗ್‌ನಲ್ಲಿದ್ದಾಳೆ. ಜನವರಿಯಲ್ಲಿ ಮೈನಸ್ 20ಕ್ಕಿಂತ ಕೆಳಗಿಳಿಯುವುದು ಅಲ್ಲಿ ಮಾಮೂಲು. ಅಲ್ಲಿಯವರು ಬಾಗಿಲನ್ನು 'ಆರ್' ಅಂಕಿ ನೋಡಿ ಕೊಳ್ಳುತ್ತಾರೆ. ಶಾಖ ದಾಟಿ ಹೋಗದಂತೆ ತಡೆಯುವ ಶಕ್ತಿಯ ಅಳತೆ ಅದು, ಅಂಕಿ ದೊಡ್ಡದಾದಷ್ಟೂ ಒಳ್ಳೇದು. ಪಿಯು ಫೋಮಿಗೆ ಇಂಚಿಗೆ 6ರ ಆಸುಪಾಸು, ಥರ್ಮಾಕೋಲಿಗೆ 4ರ ಆಸುಪಾಸು. ಹಾಗೆ ನೋಡಿದರೆ ನನ್ನ 40 ಮಿ.ಮೀ. ಹಲಗೆಗೆ 9, 10 ಬರುತ್ತದೆ. ಅಲ್ಲಿ 16, 18 ಇರುವ ಬಾಗಿಲುಗಳೂ ಸಿಗುತ್ತವೆ. ಮನೆಗೆ ಅಂಟಿಕೊಂಡ ಗ್ಯಾರೇಜು, ಅದರ ಮೇಲೆ ಮಲಗುವ ಕೋಣೆ, ಗೋಡೆಯ ಒಳಗೂ ಇನ್ಸುಲೇಷನ್. ಅಂಥ ಕಡೆ ಅದು ಬೇಕೇ ಬೇಕು.

ನಮ್ಮಲ್ಲಿ? 9 ಇಂಚಿನ ಇಟ್ಟಿಗೆ ಗೋಡೆಯನ್ನು ಅದೇ ಅಳತೆಯಲ್ಲಿ ತೂಗಿದರೆ 2ರ ಆಸುಪಾಸು ನಿಲ್ಲುತ್ತದೆ. ಮೂರು ಕಡೆ 2ರ ಗೋಡೆ ಇಟ್ಟುಕೊಂಡು ನಾಲ್ಕನೇ ಕಡೆ 18ರ ಬಾಗಿಲು ಹಾಕಿದರೆ ಸುಮ್ನೆ ದುಡ್ಡು ದಂಡ. ಇನ್ನೊಂದು ಲೆಕ್ಕವನ್ನೂ ನೋಡಿ. 6ರ ಬಾಗಿಲಿನಿಂದ ಎಷ್ಟು ಶಾಖ ದಾಟುತ್ತದೋ, 12ರ ಬಾಗಿಲಿನಿಂದ ಅದರ ಅರ್ಧ. 18ಕ್ಕೆ ಹೋದರೆ ಮೂರನೇ ಒಂದು ಪಾಲು. ಮೊದಲ ಹೆಜ್ಜೆಯಲ್ಲಿ ಅರ್ಧ ಉಳಿಯಿತು, ಎರಡನೇ ಹೆಜ್ಜೆಗೆ ಉಳಿದಿದ್ದು ಆರನೇ ಒಂದು ಪಾಲು ಮಾತ್ರ. ಬೆಲೆ ಮಾತ್ರ ಹಾಗೆ ಕಡಿಮೆ ಏರುವುದಿಲ್ಲ, ಅಲ್ವಾ?

ಅಷ್ಟೇ ಅಲ್ಲ, ಕ್ಯಾಟಲಾಗ್‌ನಲ್ಲಿ ಬರೆಯುವ ಅಂಕಿ ಬಹಳ ಸಲ ಹಲಗೆಯ ನಡುಭಾಗದ್ದು. ಹಲಗೆ ಹಲಗೆ ಕೂಡುವ ಸಂದಿ, ಚೌಕಟ್ಟು, ಕೆಳ ಅಂಚು ಇವೆಲ್ಲ ಸೇರಿದ ಇಡೀ ಬಾಗಿಲಿನ ಅಂಕಿ ಅದಕ್ಕಿಂತ ಕಡಿಮೆ. ಇಡೀ ಬಾಗಿಲಿನ 'ಯು' ಅಂಕಿ ಕೊಡಿ ಅಂತ ಕೇಳಿ. ಇದು ಶಾಖ ಎಷ್ಟು ದಾಟುತ್ತದೆ ಅನ್ನುವ ಅಳತೆ, ಚಿಕ್ಕದಿದ್ದಷ್ಟೂ ಒಳ್ಳೇದು. ಹೊರ ಶೀಟಿಗೂ ಒಳ ಶೀಟಿಗೂ ಅಂಚಿನಲ್ಲಿ ಲೋಹದ ಸಂಪರ್ಕ ಇದೆಯಾ ಅಂತಲೂ ನೋಡಿ. ಇದ್ದರೆ ಥಂಡಿ ಅದೇ ದಾರಿ ಹಿಡಿದು ಒಳಗೆ ಬರುತ್ತದೆ, ಫೋಮ್ ಎಷ್ಟಿದ್ದರೂ ಅಷ್ಟೇ. ಆ ಸಂಪರ್ಕ ತಪ್ಪಿಸಲು ನಡುವೆ ಇಡುವ, ಶಾಖ ದಾಟಿಸದ ತುಂಡಿಗೆ ಥರ್ಮಲ್ ಬ್ರೇಕ್ ಅಂತಾರೆ, ಹಾಗೆ ಕೇಳಿದರೆ ಅಂಗಡಿಯವರಿಗೆ ತಿಳಿಯುತ್ತದೆ.

ಬಾಗಿಲು ಹಾಕಿಸಿದ ವಾರದಲ್ಲೇ ತಂಗಿ ಫೋನಿನಲ್ಲಿ ಹೇಳಿದಳು, "ಅಣ್ಣಾ, ನಂಬರ್ ಇರ್ಲಿ ಬಿಡು. ಹಗಲೊತ್ತಿನ್ಯಾಗ ಬಾಗ್ಲಾ ಹಾಕಿ, ಒಳಗ ಲೈಟ್ ಆರಿಸಿ ನಿಂದ್ರು. ಎಲ್ಲಿಂದ ಬೆಳಕ ಬರತೈತೋ ಅಲ್ಲಿಂದ ಥಂಡೀನೂ ಬರತೈತಿ." ಹಾಗೇ ನಿಂತು ನೋಡಿದೆ. ಮೇಲೆ, ಪಕ್ಕದಲ್ಲಿ ಕಪ್ಪಗಿತ್ತು. ಕೆಳಗೆ ಎಡ ಮೂಲೆಯಲ್ಲಿ ಮಾತ್ರ ಬಿಸಿಲಿನ ಒಂದು ಪಟ್ಟಿ, ಬೆರಳು ತೂರುವಷ್ಟು. ಕೂರಿಸಿದ ಹುಡುಗನನ್ನು ಕರೆಸಿದೆ. "ನೆಲಾ ಸಪಾಟ ಇಲ್ರಿ ಸರ್, ರಬ್ಬರ್ ಏನ್ ಮಾಡತೈತಿ?" ಅಂದ. ಮಾತು ನಿಜ. ನಮ್ಮ ಕಡೆ ಗ್ಯಾರೇಜಿನ ನೆಲ ನೀರು ಹರಿಯಲಿ ಅಂತ ಇಳಿಜಾರು ಇಟ್ಟಿರುತ್ತಾರೆ, ಎರಡು ಮೂಲೆ ಒಂದೇ ಮಟ್ಟದಲ್ಲಿ ಇರುವುದು ಅಪರೂಪ. ಆದರೆ ಅಳತೆಗೆ ಬಂದವರು ಮಟ್ಟದ ಪಟ್ಟಿ ಇಟ್ಟು ನೋಡಿ ಆಗಲೇ ಹೇಳಬೇಕಿತ್ತು. ಕೊನೆಗೆ ನೆಲಕ್ಕೇ ಒಂದು ರಬ್ಬರ್ ಹೊಸ್ತಿಲು ಪಟ್ಟಿ ಅಂಟಿಸಿದೆವು. ಬಾಗಿಲಿನ ಕೆಳ ರಬ್ಬರ್ ಅದರ ಮೇಲೆ ಒತ್ತಿ ಕೂರುತ್ತದೆ. ಖರ್ಚು ಕೆಲವು ಸಾವಿರ. ನಮ್ಮ ಬಾಗಿಲು ಪಶ್ಚಿಮಕ್ಕಿದೆ, ಮಳೆಗಾಲದ ಗಾಳಿ ನೇರ ಅದರ ಮೇಲೇ ಬಡಿಯುತ್ತದೆ. ಪಟ್ಟಿ ಅಂಟಿಸಿದ ಮೇಲೆ ಎರಚಲು ನೀರು ಒಳಗೆ ಬಂದಿಲ್ಲ.

ರಬ್ಬರಿನಲ್ಲೂ ಜಾತಿ ಇದೆ. ಅಗ್ಗದ ಪಿವಿಸಿ ಬಿಸಿಲಿಗೆ ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಥಂಡಿ ದೇಶದಲ್ಲಂತೂ ಕಟ್ಟಿಗೆ ಆಗುತ್ತದೆ. ಇಪಿಡಿಎಂ ಅನ್ನುವ ಕೃತಕ ರಬ್ಬರ್ ಎರಡಕ್ಕೂ ತಡೆಯುತ್ತದೆ. ವಿನಿಪೆಗ್‌ನಲ್ಲಿ ಕೆಳ ರಬ್ಬರಿನ ಅಡಿ ನಿಂತ ನೀರು ಹೆಪ್ಪುಗಟ್ಟಿ, ಬಾಗಿಲು ನೆಲಕ್ಕೇ ಅಂಟಿಬಿಡುತ್ತದಂತೆ. ಹಾಗೇ ಮೋಟರ್ ಒತ್ತಿದರೆ ರಬ್ಬರ್ ಹರಿಯುತ್ತದೆ. ಅದಕ್ಕೆ ನೀರು ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆದಿಡುತ್ತಾರೆ. ನಮ್ಮಲ್ಲಿ ಹಿಮದ ಕಾಟ ಇಲ್ಲ, ಇಲಿ ಕಾಟ ಇದೆ. ಒಂದು ಸಲ ಬಲ ಮೂಲೆಯ ರಬ್ಬರನ್ನು ಕಡಿದು ಹಾಕಿದ್ದವು.

ಬಾಗಿಲು ಮಾಡದ ಕೆಲಸವನ್ನೂ ಹೇಳಬೇಕು. ಒಳಗಿನ ತೇವವನ್ನು ಇದು ಹೀರುವುದಿಲ್ಲ. ಗಾಳಿ ಆಡದಂತೆ ಬಿಗಿಯಾದ ಕೋಣೆಯಲ್ಲಿ ಒದ್ದೆ ಕೊಡೆ, ಒದ್ದೆ ಬೈಕು ತಂದಿಟ್ಟರೆ ಆ ತೇವ ಅಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ನಾನು ಚಿಕ್ಕ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಓಡಿಸುತ್ತೇನೆ. ಮೊದಲು ಶಟರ್ ಇದ್ದಾಗ ಅದನ್ನು ಓಡಿಸಿ ಪ್ರಯೋಜನವೇ ಇರಲಿಲ್ಲ, ಊರಿನ ಗಾಳಿಯೆಲ್ಲ ಒಳಗೇ ಬರುತ್ತಿತ್ತು. ಈಗ ಜುಲೈನಲ್ಲೂ ಪ್ಯಾಟರ್ನ್ ಅಳತೆ ಬಿಟ್ಟು ಹೋಗುವುದಿಲ್ಲ. ಇದೇ ಬಿಗಿತದಿಂದ ಒಂದು ಅಪಾಯವೂ ಇದೆ, ದಯವಿಟ್ಟು ಗಮನಿಸಿ: ಬಾಗಿಲು ಹಾಕಿಕೊಂಡು ಒಳಗೆ ಕಾರಿನ ಇಂಜಿನ್ ಚಾಲೂ ಇಡಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಜೀವ ಹೋಗುವುದು ಗೊತ್ತೇ ಆಗುವುದಿಲ್ಲ.

ಬಾಗಿಲಿಗೆ ತಿಳಿ ಬಣ್ಣವೇ ಇರಲಿ. ಕಡು ಬಣ್ಣದ ಹೊರ ಶೀಟ್ ಪಶ್ಚಿಮದ ಬಿಸಿಲಿಗೆ ಕಾದು ಹಿಗ್ಗುತ್ತದೆ, ಒಳ ಶೀಟ್ ತಣ್ಣಗೇ ಇರುತ್ತದೆ, ಹಲಗೆ ಹೊರಕ್ಕೆ ಬಾಗುತ್ತದೆ. ಬಿಗಿ ಇದ್ದ ಸಂದಿ ಬಾಯಿ ಬಿಡುತ್ತದೆ. ನಾನು ಐವರಿ ಹಾಕಿಸಿದ್ದೇನೆ, ಹಲಗೆ ಬಾಗಿಲ್ಲ.

ಮೋಟರಿಗಿಂತ ಸ್ಪ್ರಿಂಗ್ ಮುಖ್ಯ. ಭಾರ ಹೊರುವುದು ಸ್ಪ್ರಿಂಗ್, ಮೋಟರ್ ಸುಮ್ಮನೆ ನೂಕುತ್ತದೆ ಅಷ್ಟೇ. ಸಾಮಾನ್ಯ ಟಾರ್ಷನ್ (ಸುತ್ತಿ ಬಿಗಿಯುವ) ಸ್ಪ್ರಿಂಗಿಗೆ 10,000 ಸಲ ತೆರೆದು ಮುಚ್ಚುವ ಆಯಸ್ಸು. ದಿನಕ್ಕೆ ನಾಲ್ಕು ಸಲದಂತೆ ಏಳು ವರ್ಷದ ಹತ್ತಿರ. ಅಂಗಡಿ, ವರ್ಕ್‌ಶಾಪ್ ಅಂತ ಬಳಕೆ ಜಾಸ್ತಿ ಇದ್ದರೆ ಹೆಚ್ಚು ಆಯಸ್ಸಿನ ಸ್ಪ್ರಿಂಗನ್ನೇ ಮೊದಲಿಗೆ ಕೇಳಿ ಹಾಕಿಸಿ. ಕರೆಂಟ್ ಹೋದಾಗ ಕೆಂಪು ಹಗ್ಗ ಎಳೆದರೆ ಬಾಗಿಲು ಮೋಟರಿನಿಂದ ಬಿಡುತ್ತದೆ, ಕೈಯಲ್ಲೇ ಎತ್ತಬಹುದು. ಬಾಗಿಲು ಮುಚ್ಚಿದ್ದಾಗಲೇ ಎಳೆಯಿರಿ. ಸೊಂಟದ ಎತ್ತರಕ್ಕೆ ಎತ್ತಿ ಮೆಲ್ಲಗೆ ಬಿಟ್ಟರೆ ಅಲ್ಲೇ ನಿಲ್ಲಬೇಕು. ಕೆಳಗೆ ಜಾರಿದರೆ ಸ್ಪ್ರಿಂಗ್ ಸಡಿಲ ಆಗಿದೆ ಅಂತ ಅರ್ಥ. ಅದರ ಬೋಲ್ಟಿಗೆ ನೀವು ಪಾನಾ ಹಾಕಬೇಡಿ. ಸುತ್ತಿ ಬಿಗಿದ ಸ್ಪ್ರಿಂಗ್ ಬಿಚ್ಚಿಕೊಂಡರೆ ಕೈ ಮುರಿಯುತ್ತದೆ, ಆ ಕೆಲಸ ಗೊತ್ತಿದ್ದವರೇ ಮಾಡಲಿ. ಮಳೆಗಾಲಕ್ಕೆ ಮುಂಚೆ ಸ್ಪ್ರಿಂಗಿಗೂ ಕೀಲುಗಳಿಗೂ ಎಣ್ಣೆ ಕೊಡಿ, ಉರುಳೆ ಓಡುವ ಟ್ರ್ಯಾಕಿಗೆ ಮಾತ್ರ ಬೇಡ. ಅಲ್ಲಿ ಧೂಳು ಹಿಡಿದು ಕೆಸರಾಗುತ್ತದೆ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಬೇಸರ ಆಗಿದ್ದು ಸರ್ವಿಸ್ ವಿಷಯದಲ್ಲಿ. ಮಾರಿದವರು ಕೂರಿಸುವವರೆಗೆ ದಿನಾ ಫೋನ್ ಮಾಡುತ್ತಿದ್ದರು. ಇಲಿ ಕಡಿದ ರಬ್ಬರ್ ಬದಲಿಸಿ ಅಂದರೆ ತಿಂಗಳುಗಟ್ಟಲೆ ಇವತ್ತು ನಾಳೆ ಅಂದರು. ಅಷ್ಟರಲ್ಲಿ ಮಳೆ ಹಿಡಿದಿತ್ತು, ಆ ಮೂಲೆಗೆ ಗೋಣಿಚೀಲ ಒತ್ತಿ ಕಾದೆ.

ಬರೀ ಕಾರು ನಿಲ್ಲಿಸುವವರಿಗೆ ಇದು ಬೇಡ, ಒಳ್ಳೆ ಶಟರ್ ಸಾಕು. ಕೆಲಸ ಮಾಡುವ ಜಾಗ, ಬೀಜ, ನೂಲು ಇಡುವ ಜಾಗ, ಮೇಲೆ ಅಪ್ಪ ಅಮ್ಮ ಮಲಗುವ ಕೋಣೆ ಇದ್ದರೆ ಹಾಕಿಸಿ. 40 ಮಿ.ಮೀ. ಪಿಯು ನಮ್ಮ ಊರಿಗೆ ಧಾರಾಳ. ಉಳಿದ ದುಡ್ಡನ್ನು ಇಪಿಡಿಎಂ ರಬ್ಬರಿಗೆ, ಹೊಸ್ತಿಲು ಪಟ್ಟಿಗೆ, ಒಳ್ಳೆ ಸ್ಪ್ರಿಂಗಿಗೆ ಹಾಕಿ. ಬಿಲ್ ಮಾಡಿಸುವಾಗಲೇ ಒಂದು ಸೆಟ್ ಕೆಳ ರಬ್ಬರನ್ನು ಹೆಚ್ಚಿಗೆ ಬರೆಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಅದನ್ನು ಬಾಗಿಲಿನ ಕೆಳ ಅಂಚಿನ ತೋಡಿನಲ್ಲಿ ಜಾರಿಸಿ ಕೂರಿಸುವುದು ಅರ್ಧ ಗಂಟೆಯ ಕೆಲಸ, ಯಾರನ್ನೂ ಕಾಯಬೇಕಿಲ್ಲ.