ಆರ್‌ವಿಯಲ್ಲಿ ಎಬಿಸಿ, ಸಿಬಿಎಸ್: ಆಂಟೆನಾನಾ, ಡಿಶ್ಶಾ?

ಅಮೆರಿಕದಲ್ಲಿ ಆರ್‌ವಿಯಲ್ಲೇ (ಮನೆಯಂಥ ವಾಹನದಲ್ಲೇ) ವಾಸ, ಆದ್ರೆ ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್ ಟಿವಿ ನೆಟ್‌ವರ್ಕ್‌ಗಳು ಬೇಕು. ಯಾವುದು ಹಾಕಿಸೋದು ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಚಾವಣಿಯ ಆಂಟೆನಾಗೆ ಸಾಟಿಯಿಲ್ಲ. ಒಮ್ಮೆ ಕೊಂಡರೆ ತಿಂಗಳ ಬಿಲ್ಲಿಲ್ಲ. ಹೊಸ ಊರಲ್ಲಿ ನಿಲ್ಲಿಸಿ, ಬೂಸ್ಟರ್ ಸ್ವಿಚ್ ಒತ್ತಿ, ಚಾನೆಲ್ ಸ್ಕ್ಯಾನ್ ಮಾಡಿದರೆ ಮುಗೀತು. ಎತ್ತುವ ಆಂಟೆನಾ ಆದ್ರೆ ಹೊರಡುವ ಮುಂಚೆ ಇಳಿಸಿ, ಇಲ್ಲದಿದ್ದರೆ ಮೊದಲ ಕೊಂಬೆಗೇ ಮುರಿಯುತ್ತೆ.

ಡಿಶ್‌ನ ತೊಡಕು ಬೇರೆ. ಇಎಸ್‌ಪಿಎನ್, ಸಿಎನ್‌ಎನ್ ದೇಶದ ಬಹುಪಾಲು ಕಡೆ ಸಿಗುತ್ತವೆ. ಎಬಿಸಿ, ಸಿಬಿಎಸ್‌ನಂಥವನ್ನು ತೋರಿಸುವ ಸ್ಥಳೀಯ ಸ್ಟೇಷನ್‌ಗಳು ಮಾತ್ರ ಸ್ಪಾಟ್ ಬೀಮ್‌ನಲ್ಲಿ ಬರುತ್ತವೆ, ಟಾರ್ಚ್ ಬೆಳಕು ಬಿದ್ದಷ್ಟೇ ಜಾಗದಲ್ಲಿ. ಟೆಕ್ಸಾಸ್‌ನ ಡಲ್ಲಾಸ್ ವಿಳಾಸ ಇಟ್ಟುಕೊಂಡು ದೂರದ ಮೊಂಟಾನಾ ರಾಜ್ಯಕ್ಕೆ ಹೋದರೆ ಅವು ಮಾಯ. ಕಂಪನಿಗೆ ಹೇಳಿ ವಿಳಾಸ ಬದಲಿಸಿದರೆ ಅಲ್ಲಿನವು ಬರುತ್ತವೆ. ತಿಂಗಳುಗಟ್ಟಲೆ ಒಂದೇ ಕಡೆ ಇರುವವರಿಗೆ ಇದು ಸರಿ. ಎರಡು ದಿನಕ್ಕೊಮ್ಮೆ ಜಾಗ ಬದಲಿಸುವವರಿಗೆ ಸುಮ್ನೆ ತಲೆನೋವು.

ಮೂರನೆಯದು, ನೀವಿರುವ ಊರಿನವುಗಳ ಬದಲು ದೂರದ ಊರಿನ ನೆಟ್‌ವರ್ಕ್ ಸ್ಟೇಷನ್‌ಗಳನ್ನು ಡಿಶ್‌ನಲ್ಲೇ ಪಡೆಯೋದು. 2019ರ ಕಾನೂನು ಬೇರೆಯವರಿಗೆ ಇದನ್ನು ಬಹುಪಾಲು ನಿಲ್ಲಿಸಿದರೂ ಆರ್‌ವಿ, ಲಾರಿಗಳಿಗೆ ಉಳಿಸಿದೆ. ವಾಹನದ ನೋಂದಣಿ ಪತ್ರ ಕೊಡಬೇಕು. ಕಂಪನಿ ಕೊಡುತ್ತದೆಯೇ ಅಂತ ಮೊದಲೇ ಕೇಳಿ. ಸದಾ ಓಡಾಡುವವರಿಗೆ ನಾನು ಹೇಳೋದು ಇದನ್ನೇ. ಆದ್ರೆ ನೀವಿರುವ ಕಡೆಯ ಸುಂಟರಗಾಳಿ ಎಚ್ಚರಿಕೆ ಇದರಲ್ಲಿ ಬರೋದಿಲ್ಲ, ಅದಕ್ಕೆ ಆಂಟೆನಾನೂ ಇರಲಿ.

ಮರದಡಿ ನಿಲ್ಲಿಸುವವರಾದರೆ ಡಿಶ್‌ಗೆ ದಕ್ಷಿಣದ ಆಕಾಶ ಕಾಣಬೇಕು, ಅಲ್ವಾ? ಚಾವಣಿಯದಕ್ಕಿಂತ ಟ್ರೈಪಾಡ್ ಮೇಲಿನದು ಒಳ್ಳೇದು, ಬಿಸಿಲಿರುವ ಕಡೆ ಎಳೆದು ಇಡಬಹುದು.