ಹಳೇ ಟ್ಯಾಬ್‌ಗೆ ಲಿನಿಯೇಜ್‌ಓಎಸ್: ಎರಡೂವರೆ ವರ್ಷ ಬಳಸಿದ ಮೇಲೆ

ಲಿನಿಯೇಜ್‌ಓಎಸ್ ಅಂದರೆ ಕಂಪನಿ ಕೊಟ್ಟ ಸಿಸ್ಟಮ್ ತೆಗೆದು ಅದರ ಜಾಗದಲ್ಲಿ ನಾವೇ ಹಾಕಿಕೊಳ್ಳುವ ಇನ್ನೊಂದು ಆಂಡ್ರಾಯ್ಡ್. ಮೊದಲೇ ಹೇಳಿಬಿಡುತ್ತೇನೆ. ಟ್ಯಾಬ್‌ನಲ್ಲಿ ಸಿನಿಮಾ ನೋಡುವವರು, ಬ್ಯಾಂಕ್ ಆ್ಯಪ್ ಬಳಸುವವರು ಈ ಗೋಜಿಗೆ ಹೋಗಬೇಡಿ. ಪೇಪರ್ ಓದೋದು, ಯೂಟ್ಯೂಬ್, ಮೊಮ್ಮಕ್ಕಳ ಜೊತೆ ವಿಡಿಯೊ ಕಾಲ್, ಇಷ್ಟಾದರೆ ಸಾಕು ಅನ್ನುವವರು ಮುಂದೆ ಓದಿ. ನಮ್ಮಮ್ಮ ಆ ಪೈಕಿ.

2019ರಲ್ಲಿ ಕೊಂಡ ಹತ್ತಿಂಚಿನ, 4 ಜಿಬಿ ರ‍್ಯಾಮ್‌ನ ಟ್ಯಾಬ್ ಇದು. ಬಂದಾಗ ಆಂಡ್ರಾಯ್ಡ್ 9 ಇತ್ತು, 11ರವರೆಗೆ ಏರಿತು, ಅಲ್ಲಿಗೆ ಕಂಪನಿ ಕೈಬಿಟ್ಟಿತು. ಪರದೆ ಚೆನ್ನಾಗಿದೆ, ಬ್ಯಾಟರಿ ಇನ್ನೂ ಒಂದು ದಿನ ತಡೆಯುತ್ತೆ, ಎಸೆಯೋಕೆ ಮನಸ್ಸಾಗಲಿಲ್ಲ. 2016ರ ಕೊನೆಗೆ ಸಯನೋಜೆನ್‌ಮಾಡ್ ಅನ್ನುವ ಇಂಥದ್ದೇ ಯೋಜನೆ ಮುಚ್ಚಿದಾಗ ಅದರ ಕೋಡ್ ಇಟ್ಟುಕೊಂಡು ಶುರುವಾದ ಲಿನಿಯೇಜ್‌ಓಎಸ್‌ನ ಪಟ್ಟಿಯಲ್ಲಿ ನಮ್ಮ ಮಾಡೆಲ್ ಇತ್ತು. ಪಟ್ಟಿಯಲ್ಲಿ ನಿಮ್ಮದು ಇಲ್ಲದಿದ್ದರೆ ಎಲ್ಲಿಂದಲೋ ಸಿಕ್ಕಿದ ಫೈಲ್ ತಂದು ಹಾಕುವ ಸಾಹಸ ಬೇಡ.

ಹಾಕಿದ ರಾತ್ರಿಯ ಕಥೆ ಸ್ವಲ್ಪ ದೊಡ್ಡದು. ಮೊದಲ ಒಂದು ಗಂಟೆ ಕಂಪ್ಯೂಟರ್‌ಗೆ ಟ್ಯಾಬ್ ಕಾಣಲೇ ಇಲ್ಲ. ಡ್ರೈವರ್ ತೆಗೆದೆ, ಹಾಕಿದೆ, ಪೋರ್ಟ್ ಬದಲಿಸಿದೆ. ಕೊನೆಗೆ ನೋಡಿದರೆ ಕೇಬಲ್ ಬರೀ ಚಾರ್ಜಿಂಗ್‌ನದು, ಡೇಟಾ ಹೋಗುವುದೇ ಇಲ್ಲ! ಆಮೇಲೆ ಬೂಟ್‌ಲೋಡರ್ (ಆನ್ ಮಾಡಿದಾಗ ಸಿಸ್ಟಮ್ ಎಬ್ಬಿಸುವ ಪ್ರೋಗ್ರಾಂ) ಅನ್‌ಲಾಕ್. ಇದು ಟ್ಯಾಬ್‌ನಲ್ಲಿರುವುದನ್ನೆಲ್ಲ ಅಳಿಸಿಬಿಡುತ್ತೆ ಅಂತ ಗೊತ್ತಿದ್ದೇ ಫೋಟೊಗಳನ್ನು ತೆಗೆದಿಟ್ಟಿದ್ದೆ. ಡೌನ್‌ಲೋಡ್ ಫೋಲ್ಡರ್‌ನಲ್ಲಿದ್ದ ಅಮ್ಮನ ಭಜನೆ ಪಿಡಿಎಫ್‌ಗಳು ಮಾತ್ರ ಹೋದವು. ಇವತ್ತಿಗೂ ಅದಕ್ಕೆ ಬೈಸಿಕೊಳ್ಳುತ್ತಿದ್ದೇನೆ.

ರಿಕವರಿ ಅನ್ನುವ ರಿಪೇರಿ ಮೆನುಗೆ ಹೋಗಿ ಸೈಡ್‌ಲೋಡ್ ಮಾಡುವಾಗ, ಅಂದರೆ ಕೇಬಲ್ ಮೂಲಕ ಲಿನಿಯೇಜ್ ಫೈಲ್ ಕಳಿಸಿ ಹಾಕುವಾಗ, ಕಂಪ್ಯೂಟರ್‌ನಲ್ಲಿ ಅಂಕಿ 47%ಕ್ಕೆ ನಿಂತಿತು. ಎದೆ ಧಸಕ್ಕೆಂದಿತು. ಅದು ಹಾಗೇ ನಿಲ್ಲುವುದುಂಟು, ಟ್ಯಾಬ್‌ನ ಪರದೆ ಏನು ಹೇಳುತ್ತೆ ನೋಡಿ, ಗಾಬರಿಯಲ್ಲಿ ಕೇಬಲ್ ಎಳೀಬೇಡಿ. ನನ್ನ ನಿಜವಾದ ತಪ್ಪು ಅದರ ಮುಂದಿನದು: ಲಿನಿಯೇಜ್ ಜೊತೆ ಬಾರದ ಗೂಗಲ್ ಆ್ಯಪ್‌ಗಳ ಪ್ಯಾಕೇಜನ್ನು ಮೊದಲ ಸಲ ಆನ್ ಮಾಡುವ ಮುಂಚೆಯೇ ಹಾಕಬೇಕಿತ್ತು. ನಾನು ಆತುರಕ್ಕೆ ಆನ್ ಮಾಡಿದೆ. ಮತ್ತೆ ಎಲ್ಲ ಅಳಿಸಿ ಶುರುವಿನಿಂದ.

ಗೂಗಲ್ ಇಲ್ಲದೆಯೂ ನಡೆಯುತ್ತೆ, ಎಫ್‌-ಡ್ರಾಯ್ಡ್ ಅನ್ನುವ ಉಚಿತ ಆ್ಯಪ್ ಅಂಗಡಿಯಲ್ಲಿ ಬೇಕಾದಷ್ಟಿದೆ. ಆದರೆ ಅಮ್ಮನಿಗೆ ಬೆರಳಲ್ಲಿ ಬರೆದೇ ಕನ್ನಡ ಮೂಡಿಸಿ ಅಭ್ಯಾಸ. ಲಿನಿಯೇಜ್ ಜೊತೆ ಬರುವ ಕೀಬೋರ್ಡ್‌ನಲ್ಲಿ ಕನ್ನಡ ಇದೆ, ಕೈಬರಹ ಇಲ್ಲ. ಗೂಗಲ್‌ನ ಕೀಬೋರ್ಡ್ ಜಿಬೋರ್ಡ್ ಹಾಕಿಕೊಟ್ಟ ಮೇಲೆಯೇ ಅವರು ಟ್ಯಾಬ್ ಮುಟ್ಟಿದ್ದು.

ವೇಗದ ಬಗ್ಗೆ ದೂರಿಲ್ಲ. ಕಂಪನಿ ತುಂಬಿಟ್ಟಿದ್ದ ಆಟ, ಜಾಹೀರಾತು, ತೆಗೆಯಲಾಗದ ಆ್ಯಪ್ ಒಂದೂ ಇಲ್ಲ. ವಾರಕ್ಕೊಂದು ಬಿಲ್ಡ್, ಅಂದರೆ ಅಪ್‌ಡೇಟ್, ಬರುತ್ತಿತ್ತು, ಅಮ್ಮನೇ ಒತ್ತಿ ಹಾಕಿಕೊಳ್ಳುತ್ತಿದ್ದರು.

ಕಳಕೊಂಡದ್ದೂ ಇದೆ. ಅನ್‌ಲಾಕ್ ಮಾಡಿದ ಮೇಲೆ ವಿಡಿಯೊ ನಕಲು ತಡೆಯುವ ವೈಡ್‌ವೈನ್ ವ್ಯವಸ್ಥೆಯ ಮೇಲಿನ ದರ್ಜೆ ಎಲ್‌1 ಹೋಗಿ ಕೆಳಗಿನ ಎಲ್‌3 ಆಯಿತು, ಹಾಗಾಗಿ ದುಡ್ಡು ಕೊಟ್ಟು ನೋಡುವ ಸಿನಿಮಾ ಆ್ಯಪ್‌ನಲ್ಲಿ ಎಚ್‌ಡಿ ಬರುವುದಿಲ್ಲ, ಮುಖಗಳೆಲ್ಲ ಮಸುಕು. ಯೂಟ್ಯೂಬ್‌ಗೆ ಏನೂ ಆಗಿಲ್ಲ. ಬ್ಯಾಂಕ್ ಆ್ಯಪ್ ಬಾಗಿಲಲ್ಲೇ ತಡೆಯಿತು. ಅದನ್ನು ಯಾಮಾರಿಸುವ ದಾರಿಗಳಿವೆಯಂತೆ, ಅಮ್ಮನ ಖಾತೆ ಇಟ್ಟುಕೊಂಡು ಆ ಪ್ರಯೋಗ ನನಗೆ ಬೇಡ. ಆನ್ ಮಾಡಿದಾಗಲೆಲ್ಲ ಬೂಟ್‌ಲೋಡರ್ ತೆರೆದಿದೆ ಅಂತ ಎಚ್ಚರಿಕೆ ಬರುತ್ತೆ. ಮೊದಮೊದಲು ‘ಏನೋ ಕೆಟ್ಟೋಗಿದೆ ಕಣೋ’ ಅಂತ ಫೋನ್ ಬರುತ್ತಿತ್ತು. ಈಗ ಪಕ್ಕದ ಮನೆಯವರಿಗೆ ‘ಅದು ಹಂಗೇ ಬರೋದು, ಬಿಡ್ರಿ’ ಅಂತ ಅವರೇ ಹೇಳುತ್ತಾರೆ.

2023ರಲ್ಲಿ ಹಾಕಿದ್ದು ಲಿನಿಯೇಜ್ 20, ಅಂದರೆ ಆಂಡ್ರಾಯ್ಡ್ 13. ಮರುವರ್ಷ 21ಕ್ಕೆ ಏರಿಸಿದೆ. ಹೀಗೆ ಆವೃತ್ತಿ ಬದಲಿಸುವುದಕ್ಕೆ ಕಂಪ್ಯೂಟರ್ ಬೇಕು, ಅಮ್ಮನ ಕೈಲಾಗದ ಕೆಲಸ. ನಮ್ಮ ಮಾಡೆಲ್‌ಗೆ 22 ಬಂದ ಮೇಲೆ 21ಕ್ಕೆ ವಾರದ ಬಿಲ್ಡ್ ನಿಂತಿದೆ. ಏರಿಸೋಣ ಅಂತ ಹೋದ ತಿಂಗಳು ಲ್ಯಾಪ್‌ಟಾಪ್ ಹೊತ್ತು ಊರಿಗೆ ಹೋದೆ. ಡೇಟಾ ಕೇಬಲ್ ಬೆಂಗಳೂರಲ್ಲೇ ಉಳಿದಿತ್ತು.